ಏಸಿ ಸ್ವಲ್ಪ ಕಮ್ಮಿ ಮಾಡ್ರೀ

ಕ್ರೂಸ್ ಹಡಗಿನ ಕ್ಯಾಬಿನ್ನಿಗೆ ಕಾಲಿಟ್ಟ ಯಜಮಾನರು ಮೊದಲು ಮಾಡುವ ಕೆಲಸ ಬಾಲ್ಕನಿ ಬಾಗಿಲು ತೆಗೆದು "ಆಹಾ, ಸಮುದ್ರ!" ಎನ್ನುವುದು. ಎರಡನೆಯದು, ಆ ಬಾಗಿಲನ್ನು ಹಾಗೇ ಬಿಟ್ಟು ಗೋಡೆಯ ಮೇಲಿನ ಥರ್ಮೋಸ್ಟ್ಯಾಟನ್ನು, ಅಂದರೆ ತಂಪು ಹೊಂದಿಸುವ ಗುಂಡಿಯನ್ನು, ನೀಲಿ ಗೆರೆಯ ಕೊನೆಯವರೆಗೂ ತಿರುಗಿಸುವುದು. ಮೂರನೆಯದು, ಹತ್ತು ನಿಮಿಷ ಬಿಟ್ಟು "ಇಷ್ಟು ದುಡ್ಡು ಸುರಿದು ಬಂದ್ರೆ ಏಸೀನೇ ಕೆಟ್ಟಿದೆ ನೋಡು" ಎನ್ನುವುದು.

ಏಸಿ ಕೆಟ್ಟಿರುವುದಿಲ್ಲ. ಎಷ್ಟೋ ಹಡಗುಗಳಲ್ಲಿ ಬಾಲ್ಕನಿ ಬಾಗಿಲಿನ ಚೌಕಟ್ಟಿನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಮನೆಯ ಫ್ರಿಜ್ಜಿನ ಬಾಗಿಲಲ್ಲಿ ದೀಪಕ್ಕೆ ಇರುತ್ತದಲ್ಲ, ಅದೇ ಜಾತಿಯದು. ಬಾಗಿಲು ತೆರೆದರೆ ಆ ಕ್ಯಾಬಿನ್ನಿನ ತಂಪು ನಿಲ್ಲುತ್ತದೆ. ಬಾಗಿಲು ಎಳೆದುಬಿಟ್ಟರೆ ಸಾಲದು, ಹಿಡಿಯನ್ನು ಪೂರ್ತಿ ತಿರುಗಿಸಿ ಕೂರಿಸಬೇಕು. ಅರ್ಧ ಕೂತ ಹಿಡಿ ಎರಡು ರೀತಿಯಲ್ಲಿ ಕಾಡುತ್ತದೆ: ಒಳಗೆ ತಂಪು ಬರುವುದಿಲ್ಲ, ರಾತ್ರಿ ಹಡಗು ವೇಗ ಹಿಡಿದಾಗ ಸಂದಿಯಲ್ಲಿ ಗಾಳಿ ಕೊಳಲು ಊದುತ್ತದೆ.

ಸ್ವಿಚ್ ಇಲ್ಲದ ಹಡಗಾದರೆ ಇನ್ನೂ ಮಜ. ಬೇಸಿಗೆಯ ಅರಬ್ಬಿ ಸಮುದ್ರದ ಗಾಳಿ ಎಂದರೆ ಹಿಂಡಿದರೆ ನೀರು ಬರುವಂಥದ್ದು. ಅದು ಒಳಗೆ ನುಗ್ಗಿ ತಣ್ಣಗಿನ ಏಸಿ ಕಂಡಿಯನ್ನು ಮುಟ್ಟಿದ ಕೂಡಲೇ ಅಲ್ಲಿ ಹನಿಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಚೊಂಬು ಬೆವರುವುದಿಲ್ಲವೇ, ಹಾಗೆ. ವ್ಯತ್ಯಾಸ ಇಷ್ಟೇ, ಚೊಂಬು ಮೇಜಿನ ಮೇಲಿರುತ್ತದೆ, ಕಂಡಿ ಕೆಲವೊಮ್ಮೆ ನೇರ ನಿಮ್ಮ ದಿಂಬಿನ ಮೇಲಿರುತ್ತದೆ. ನಡುರಾತ್ರಿ ಹಣೆಗೆ ತಣ್ಣನೆ ಹನಿ ಬಿದ್ದಾಗ ಹಡಗು ಸೋರುತ್ತಿದೆ ಎಂದು ಲೈಫ್ ಜಾಕೆಟ್ ಹುಡುಕುವವರಿದ್ದಾರೆ. ಬಾಗಿಲು ಹಾಕಿ ಅರ್ಧ ಗಂಟೆ ಕಾದು ನೋಡಿ. ಆಮೇಲೂ ಹನಿ ನಿಲ್ಲದಿದ್ದರೆ ಛಾವಣಿಯೊಳಗೆ ಏಸಿಯ ಹನಿ ಹಿಡಿಯುವ ತಟ್ಟೆಯ ಕೊಳವೆ ಕಟ್ಟಿಕೊಂಡಿರಬಹುದು. ಅದು ನೀವು ಮುಟ್ಟುವ ಕೆಲಸವಲ್ಲ, ಫೋನ್ ಮಾಡಿ.

ಇನ್ನು ಬಾಲ್ಕನಿ ಬಾಗಿಲು ತೆರೆದಿರುವಾಗಲೇ ಓಣಿಯ ಕಡೆಯ ಬಾಗಿಲನ್ನೂ ತೆರೆಯುವ ಸಾಹಸ. ಕ್ಷಣಾರ್ಧದಲ್ಲಿ ಗಾಳಿ ಸುರಂಗವಾಗುತ್ತದೆ. ಮೇಜಿನ ಮೇಲಿದ್ದ ಕಾಗದಗಳು ಓಣಿಗೆ, ಪರದೆ ಮುಖಕ್ಕೆ, ಭಾರದ ಬಾಗಿಲು ಬೆರಳಿಗೆ. ಒಂದು ಬಾಗಿಲು ಹಾಕಿದ ಮೇಲೆಯೇ ಇನ್ನೊಂದನ್ನು ತೆಗೆಯುವುದು ಎಂಬ ನಿಯಮವನ್ನು ಮಕ್ಕಳಿಗೆ ಹಡಗು ಹತ್ತುವ ಮೊದಲೇ ಬಾಯಿಪಾಠ ಮಾಡಿಸಿ. ಹಿರಿಯರಿಗೂ.

ಮೂಲ ತಪ್ಪು ತಿಳಿವಳಿಕೆ ಏನೆಂದರೆ, ಗೋಡೆಯ ಮೇಲಿನದು ಏಸಿ ಎಂದು ನಾವು ನಂಬುವುದು. ಮನೆಯ ಸ್ಪ್ಲಿಟ್ ಏಸಿಯ ರೂಢಿ ಅದು. ಹಡಗಿನದು ಕೂಡು ಕುಟುಂಬದ ಅಡುಗೆಮನೆ. ಕೆಳಗಿನ ಡೆಕ್ಕಿನಲ್ಲೆಲ್ಲೋ ದೈತ್ಯ ಚಿಲ್ಲರ್‌ಗಳು ನೀರನ್ನು ಸುಮಾರು 6–7 ಡಿಗ್ರಿಗೆ ತಣಿಸಿ ಇಡೀ ಹಡಗಿಗೆ ಕೊಳವೆಯಲ್ಲಿ ಕಳಿಸುತ್ತವೆ. ನೀರಿನಿಂದ ಕಿತ್ತ ಬಿಸಿ ಕೊನೆಗೆ ಸಮುದ್ರಕ್ಕೆ ಹೋಗುತ್ತದೆ. ಈಗಿನ ಬಹಳಷ್ಟು ದೊಡ್ಡ ಹಡಗುಗಳಲ್ಲಿ ಪ್ರತಿ ಕ್ಯಾಬಿನ್ನಿನ ಛಾವಣಿಯೊಳಗೆ, ಸಾಮಾನ್ಯವಾಗಿ ಬಚ್ಚಲಿನ ಹತ್ತಿರ, ಒಂದು ಫ್ಯಾನು ಮತ್ತು ಒಂದು ಸುರುಳಿ ಕೊಳವೆ ಇರುತ್ತವೆ. ಆ ಸುರುಳಿಗೆ ತಣ್ಣೀರು ಬಿಡುವ ವಾಲ್ವನ್ನು ತೆರೆ, ಮುಚ್ಚು ಎನ್ನುವುದಷ್ಟೇ ಥರ್ಮೋಸ್ಟ್ಯಾಟಿನ ಕೆಲಸ. ಸಾರು ಎಲ್ಲರಿಗೂ ಒಂದೇ ಕೊಳಗದ್ದು, ನಿಮ್ಮ ಕೈಯಲ್ಲಿರುವುದು ಸೌಟು.

ಹಾಗಾಗಿ ತುದಿಗೆ ತಿರುಗಿಸಿದರೆ ಬೇಗ ತಂಪಾಗುತ್ತದೆ ಎಂಬುದು ಶುದ್ಧ ಭ್ರಮೆ. 18ಕ್ಕೆ ಇಟ್ಟರೂ 22ಕ್ಕೆ ಇಟ್ಟರೂ ಬರುವ ನೀರು ಅಷ್ಟೇ ತಣ್ಣಗಿನದು. 18ಕ್ಕೆ ಇಟ್ಟರೆ ಅದು ನಿಲ್ಲಿಸುವುದು ತಡ, ಅಷ್ಟೇ. ಪರಿಣಾಮ ಏನು? ಸಂಜೆ ನಾಲ್ಕಕ್ಕೆ ಸೆಖೆ ಎಂದು ತುದಿಗೆ ತಿರುಗಿಸಿದವರು ರಾತ್ರಿ ಎರಡಕ್ಕೆ ಬಚ್ಚಲ ಟವೆಲ್ಲುಗಳನ್ನೆಲ್ಲ ಹೊದ್ದು ಮಲಗಿರುತ್ತಾರೆ. ಬೆಳಿಗ್ಗೆ ಕೆಂಪಿನ ತುದಿಗೆ ತಿರುಗಿಸುತ್ತಾರೆ. ಸಂಜೆ ಮತ್ತೆ ನೀಲಿ. ನಾಲ್ಕು ದಿನದ ಪ್ರವಾಸ ಹೀಗೇ ಕಳೆದುಹೋಗುತ್ತದೆ. ಸರಿಯಾದ ಕ್ರಮ ಬಲು ಬೇಸರದ್ದು: 22 ಅಥವಾ 23ಕ್ಕೆ ಇಡಿ, ಬಾಗಿಲು ಹಾಕಿ, ಪರದೆ ಎಳೆಯಿರಿ, ಒಂದು ಗಂಟೆ ಅದರ ತಂಟೆಗೆ ಹೋಗಬೇಡಿ. ಬೇಕಾದರೆ ಒಂದೊಂದೇ ಡಿಗ್ರಿ ಬದಲಿಸಿ, ಪ್ರತಿ ಸಲ ಅರ್ಧ ಗಂಟೆ ಕಾಯಿರಿ. ಅಂಕಿಯೇ ಇಲ್ಲದ ನೀಲಿ-ಕೆಂಪು ಗುಂಡಿಯಾದರೆ ನಡುವಿನಿಂದ ನೀಲಿಯ ಕಡೆಗೆ ಒಂದು ಕೂದಲೆಳೆಯಷ್ಟು.

ಹಡಗು ಹತ್ತಿದ ದಿನವಂತೂ ಯಾವ ತೀರ್ಮಾನಕ್ಕೂ ಬರಬೇಡಿ. ಬೆಳಿಗ್ಗೆಯಿಂದ ಹಾಸಿಗೆ ಬದಲಿಸುವವರು, ಕಸ ಗುಡಿಸುವವರು ಕ್ಯಾಬಿನ್ ಬಾಗಿಲುಗಳನ್ನು ತೆರೆದೇ ಇಟ್ಟಿರುತ್ತಾರೆ, ಬಂದರಿನ ಕಡೆಯ ದ್ವಾರಗಳಲ್ಲಿ ಸಾವಿರಾರು ಜನ ಬಿಸಿಗಾಳಿಯ ಸಮೇತ ಒಳಗೆ ಬರುತ್ತಿರುತ್ತಾರೆ. ರಾತ್ರಿ ಊಟದ ಹೊತ್ತಿಗೆ ಹಡಗು ಸುಧಾರಿಸಿಕೊಳ್ಳುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಮಯಾಮಿಯಿಂದಲೋ ಸಿಯಾಟಲ್ಲಿನಿಂದಲೋ ಕ್ರೂಸ್ ಹತ್ತಿಸಿದಾಗ ಇನ್ನೊಂದು ಪ್ರಹಸನ. ಅಲ್ಲಿಯ ಎಷ್ಟೋ ಹಡಗುಗಳಲ್ಲಿ ಅಂಕಿ ಫ್ಯಾರನ್‌ಹೀಟಿನಲ್ಲಿ. ಗೋಡೆಯ ಮೇಲೆ 72 ಕಂಡ ಅಪ್ಪ ಬೆಚ್ಚಿ, ಒತ್ತಿ ಒತ್ತಿ 65ಕ್ಕೆ ಇಳಿಸಿ, "ಇದಕ್ಕಿಂತ ಇಳಿಯಲ್ಲ ಕಣೋ" ಎಂದು ಮಗನಿಗೆ ಫೋನ್ ಮಾಡುತ್ತಾರೆ. 65 ಎಂದರೆ 18 ಸೆಲ್ಸಿಯಸ್. ಬಾಯಿಲೆಕ್ಕ ಹೀಗೆ: 30 ಕಳೆದು ಅರ್ಧ ಮಾಡಿ. 72 ಎಂದರೆ 21, ನಿಜವಾದ ಲೆಕ್ಕಕ್ಕೆ 22. ಮಲಗಲು ಅಷ್ಟು ಸಾಕು. ಬಾಯಿಲೆಕ್ಕ ಬೇಡವೆಂದರೆ 75ಕ್ಕೆ 24 ಎಂದು ಒಂದನ್ನೇ ನೆನಪಿಟ್ಟುಕೊಳ್ಳಿ, ಅಮ್ಮಂದಿರ ಪಾಲಿಗೆ ಅದೇ ಸರಿಯಾದ ಅಂಕಿ.

ಥರ್ಮೋಸ್ಟ್ಯಾಟಿಗೆ ಕೋಣೆ ಕಾಣುವುದಿಲ್ಲ, ತನ್ನ ಮೂಗಿನ ಕೆಳಗಿನ ಗಾಳಿ ಮಾತ್ರ ಗೊತ್ತು. ಅದರ ಕೆಳಗೇ ಲ್ಯಾಪ್‌ಟಾಪು, ಚಾರ್ಜರು ಇಟ್ಟು ರಾತ್ರಿಯಿಡೀ ಬಿಸಿ ಮಾಡಿದರೆ ಅದು ಕೋಣೆಯೇ ಕಾದಿದೆ ಎಂದು ತಿಳಿದು ನಿಮ್ಮನ್ನು ಫ್ರೀಜರಿನಲ್ಲಿಡುತ್ತದೆ. ಒಣಗಲೆಂದು ಒದ್ದೆ ಟವೆಲ್ಲನ್ನು ಅದರ ಮೇಲೆ ತೂಗಿಹಾಕಿದರೆ ಉಲ್ಟಾ, ತಂಪಾಗಿದೆ ಎಂದುಕೊಂಡು ಕೆಲಸ ನಿಲ್ಲಿಸುತ್ತದೆ. ಒದ್ದೆ ಬಟ್ಟೆಯ ವಿಷಯ ಬಂದಿದ್ದರಿಂದ ಹೇಳಬೇಕು: ಈಜುಕೊಳದಿಂದ ಬಂದ ನಾಲ್ವರ ಉಡುಪನ್ನು ಕ್ಯಾಬಿನ್ನಿನಲ್ಲಿ ಹರವಿದರೆ ಎಷ್ಟು ತಣಿಸಿದರೂ ಮೈ ಅಂಟಂಟು. ಬಚ್ಚಲಿನಲ್ಲಿ ಗಾಳಿಯನ್ನು ಹೊರಗೆಳೆಯುವ ಕಂಡಿ ಇರುತ್ತದೆ, ಸಾಮಾನ್ಯವಾಗಿ ಗೋಡೆಯಿಂದ ಎಳೆದು ಬಟ್ಟೆ ಹರವುವ ದಾರವೂ ಇರುತ್ತದೆ. ಅಲ್ಲೇ ಒಣಗಿಸಿ, ಬಾಗಿಲು ಮುಚ್ಚಿ. ಬಿಸಿನೀರಿನ ಸ್ನಾನಕ್ಕೂ ಅದೇ ಮಾತು.

ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. 150–180 ಚದರ ಅಡಿಯ ಕೋಣೆಯಲ್ಲಿ ನಾಲ್ವರೆಂದರೆ ಹಳೇ ಕಾಲದ ನಾಲ್ಕು 100 ವ್ಯಾಟ್ ಬಲ್ಬು ಹಗಲಿರುಳು ಉರಿದಂತೆ. ಜೊತೆಗೆ ಅಂತ್ಯಾಕ್ಷರಿಗೆಂದು ಪಕ್ಕದ ಕ್ಯಾಬಿನ್ನಿನ ಆರು ಮಂದಿ ಬಂದರೆ ಅದು ಏಸಿಯ ದೋಷವಲ್ಲ.

ಬಿಸಿಲಿಗೆ ಬರೋಣ. ಮುಂಬೈಯಿಂದ ಗೋವಾ, ಕೊಚ್ಚಿ ಕಡೆಗೆ ದಕ್ಷಿಣಕ್ಕೆ ಸಾಗುವ ಹಡಗಿನಲ್ಲಿ ಮುಂದಕ್ಕೆ ಮುಖ ಮಾಡಿ ನಿಂತರೆ ಎಡಬದಿ, ಅಂದರೆ ಪೋರ್ಟ್, ಪೂರ್ವಕ್ಕೆ. ಬಲಬದಿ, ಅಂದರೆ ಸ್ಟಾರ್‌ಬೋರ್ಡ್, ಪಶ್ಚಿಮಕ್ಕೆ. ಸೂರ್ಯಾಸ್ತ ಬೇಕೆಂದು ಬಲಬದಿ ಹಿಡಿದವರಿಗೆ ಸೂರ್ಯಾಸ್ತಕ್ಕೆ ಮುಂಚಿನ ಮೂರು ಗಂಟೆಯ ಕಾದ ಬಿಸಿಲೂ ಉಚಿತ. ಬರುವಾಗ ಬದಿ ಅದಲುಬದಲು. ಸಿರಿವಂತ ಠೀವಿಗೆ ಹೇಳುವ ಇಂಗ್ಲಿಷಿನ 'ಪೋಶ್' ಪದ ಹುಟ್ಟಿದ್ದೇ ಹೀಗೆ ಎಂದು ಒಂದು ಕಥೆ ಇದೆ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ಸಾಹೇಬರು ನೆರಳಿನ ಬದಿಗಾಗಿ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂದು ಟಿಕೆಟ್ ತೆಗೆಸುತ್ತಿದ್ದರಂತೆ, ಅದರ ಮೊದಲಕ್ಷರಗಳು ಸೇರಿ ಆ ಪದ ಆಯಿತಂತೆ. ಹಾಗೆ ಮುದ್ರೆಯೊತ್ತಿದ ಒಂದು ಟಿಕೆಟ್ಟೂ ಸಿಕ್ಕಿಲ್ಲ, ಪದದ ಕಥೆ ಕಟ್ಟುಕತೆಯೇ. ಆದರೆ ಬಿಸಿಲಿನ ಲೆಕ್ಕ ಕಟ್ಟುಕತೆಯಲ್ಲ. ಬಂದರಿನಲ್ಲಿ ಕಟ್ಟಿ ನಿಂತ ದಿನ ಒಂದೇ ಬದಿಗೆ ಗಂಟೆಗಟ್ಟಲೆ ಬಿಸಿಲು ಬೀಳಬಹುದು. ಊರು ನೋಡಲು ಇಳಿಯುವ ಮುಂಚೆ ದಪ್ಪ ಪರದೆಯನ್ನು ತುದಿಯಿಂದ ತುದಿಗೆ ಎಳೆದು ಹೋಗಿ. ಥರ್ಮೋಸ್ಟ್ಯಾಟಿನ ಜೊತೆ ನೂರು ಸಲ ಜಗಳವಾಡುವುದಕ್ಕಿಂತ ಇದೊಂದು ಕೆಲಸ ಹೆಚ್ಚು ಫಲ ಕೊಡುತ್ತದೆ.

ಬಾಗಿಲ ಪಕ್ಕದ ಗೂಡಿಗೆ ಕಾರ್ಡ್ ತುರುಕಿದರೆ ಮಾತ್ರ ದೀಪ ಹತ್ತುವ ಹಡಗುಗಳಿವೆ. ಕೆಲವದರಲ್ಲಿ ಕಾರ್ಡ್ ತೆಗೆದರೆ ತಂಪೂ ಮಂದವಾಗುತ್ತದೆ. ಅದಕ್ಕೆ ಹಳೇ ಲೈಬ್ರರಿ ಕಾರ್ಡ್ ತುರುಕಿಟ್ಟು ಹೋಗುವ ಜಾಣರಿದ್ದಾರೆ, ಎಷ್ಟೋ ಗೂಡುಗಳು ಅದನ್ನೂ ನಂಬುತ್ತವೆ. ಖಾಲಿ ಕೋಣೆಯನ್ನು ದಿನವಿಡೀ ತಣಿಸುವುದು ನ್ಯಾಯವೇ ಎಂಬುದನ್ನು ಅವರವರಿಗೇ ಬಿಟ್ಟಿದ್ದೇನೆ. ಪರದೆ ಎಳೆದಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ.

ಛಾವಣಿಯ ಗಾಳಿಕಂಡಿಯ ಬಗ್ಗೆ ಎರಡು ಮಾತು. ದುಂಡಗಿನದಾದರೆ ನಡುವಿನ ಬಿಲ್ಲೆ ತಿರುಗುತ್ತದೆಯೇ ನೋಡಿ, ತಿರುಗಿದರೆ ಗಾಳಿ ಹೆಚ್ಚುಕಡಿಮೆಯಾಗುತ್ತದೆ. ಚೆಂಡಿನಂತೆ ಎಲ್ಲ ಕಡೆಗೂ ಹೊರಳುವ ಮೂತಿಯೂ ಹಡಗುಗಳಲ್ಲಿ ಉಂಟು, ಅದಕ್ಕೆ 'ಪಂಖಾ ಲೂವರ್' ಎಂದೇ ಹೆಸರು. ಕಚೇರಿಗಳಲ್ಲಿ ಹಗ್ಗ ಎಳೆದು ಬೀಸುತ್ತಿದ್ದ ನಮ್ಮ ಪಂಖಾ ಸಮುದ್ರಕ್ಕೆ ಬಿದ್ದು ಇಂಗ್ಲಿಷ್ ಕಲಿತದ್ದು ಹೀಗೆ. ಗಾಳಿಯನ್ನು ಮಲಗುವವರ ಮೇಲಲ್ಲ, ಗೋಡೆಯ ಕಡೆಗೆ ತಿರುಗಿಸಿ. ತಂಪು ತಾನಾಗಿ ಕೆಳಗಿಳಿಯುತ್ತದೆ. ಕಂಡಿಗೆ ದಿಂಬಿನ ಗವಸು, ಕಾಲುಚೀಲ ತುರುಕುವುದು ಬೇಡ. ಬಟ್ಟೆ ತೇವ ಹೀರಿ ಭಾರವಾಗಿ ರಾತ್ರಿ ಮುಖದ ಮೇಲೇ ಬೀಳುತ್ತದೆ. ಕ್ಯಾಬಿನ್ನಿನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಮ್ಯಾಗ್ನೆಟ್ ಕಚ್ಚುತ್ತದೆ. ಕಂಡಿಯ ಸುತ್ತಲೂ ಕಚ್ಚಿದರೆ ನಾಲ್ಕು ಮ್ಯಾಗ್ನೆಟ್ಟಿನಿಂದ ಒಂದು ರಟ್ಟನ್ನು ಒಂದು ಬದಿಗೆ ಮಾತ್ರ ಅಡ್ಡ ಹಿಡಿಸಿ ಗಾಳಿ ತಿರುಗಿಸಬಹುದು. ಪೂರ್ತಿ ಮುಚ್ಚಬೇಡಿ.

ಛಾವಣಿಯಲ್ಲಿ ಇನ್ನೊಂದು ಮೂತಿ ಇರುತ್ತದೆ, ನಡುವೆ ಗಾಜಿನ ಪುಟ್ಟ ಬಲ್ಬಿನದು. ಅದು ಬೆಂಕಿ ಆರಿಸುವ ಸ್ಪ್ರಿಂಕ್ಲರ್. ಸೀರೆ ಒಣಗಿಸಲು ಅದಕ್ಕೆ ಹ್ಯಾಂಗರ್ ಸಿಕ್ಕಿಸಿದರೆ, ಬಲ್ಬು ಒಡೆದರೆ, ಸೀರೆ ಇನ್ನೊಮ್ಮೆ ಚೆನ್ನಾಗಿ ತೊಳೆಯಲ್ಪಡುತ್ತದೆ. ಹಾಸಿಗೆ, ಪೆಟ್ಟಿಗೆ, ಕೆಳಗಿನ ಡೆಕ್ಕೂ ಸೇರಿ. ಚಳಿಗೆಂದು ರೂಮ್ ಹೀಟರ್, ಕಷಾಯಕ್ಕೆಂದು ಕೆಟಲ್, ಮನಶ್ಶಾಂತಿಗೆಂದು ಊದುಬತ್ತಿ ತಂದರೆ ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸಿಗೂ ಅದೇ ಗತಿ. ಯುಎಸ್‌ಬಿಯಲ್ಲಿ ನಡೆಯುವ ಅಂಗೈಯಗಲದ ಫ್ಯಾನನ್ನು ಬಹಳ ಕಡೆ ಬಿಡುತ್ತಾರೆ, ಹಡಗಿನವರ ನಿಷೇಧದ ಪಟ್ಟಿ ನೋಡಿಕೊಂಡೇ ಹೊರಡಿ. ಅದು ಒಂದು ಡಿಗ್ರಿಯನ್ನೂ ಇಳಿಸುವುದಿಲ್ಲ, ಮೈಮೇಲೆ ಗಾಳಿ ಆಡಿಸುತ್ತದೆ. ಕಿಟಕಿಯಿಲ್ಲದ ಒಳ ಕ್ಯಾಬಿನ್ನಿನಲ್ಲಿ ಅಷ್ಟೇ ಬೇಕಾದದ್ದು.

ಈಗ ದಾಂಪತ್ಯದ ವಿಷಯ. "ರೀ, ಏಸಿ ಸ್ವಲ್ಪ ಕಮ್ಮಿ ಮಾಡ್ರೀ" ಎಂದಾಗ ಕಮ್ಮಿಯಾಗಬೇಕಾದದ್ದು ಚಳಿಯೋ ಅಂಕಿಯೋ? ಆಕೆ ಹೇಳಿದ್ದು ಚಳಿ. ಅವರು ಕಮ್ಮಿ ಮಾಡಿದ್ದು ಅಂಕಿ, 23ರಿಂದ 20ಕ್ಕೆ. ಅರ್ಧ ಗಂಟೆಯ ಮೇಲೆ "ಹೇಳಿದ್ದು ಕೇಳ್ಸಲ್ವಾ? ಕಮ್ಮಿ ಮಾಡಿ ಅಂದೆ" ಎಂದಾಗ 18. ಕನ್ನಡದ ಈ ಒಂದು ಕ್ರಿಯಾಪದ ಎಷ್ಟು ಹನಿಮೂನುಗಳಿಗೆ ನೆಗಡಿ ಹಿಡಿಸಿದೆಯೋ! 'ಬೆಚ್ಚಗೆ ಮಾಡಿ', 'ತಣ್ಣಗೆ ಮಾಡಿ' ಎಂಬ ಎರಡೇ ಮಾತು ಬಳಸುವುದು ಕ್ಷೇಮ. ಅದಕ್ಕಿಂತ ಕ್ಷೇಮ, ಕ್ಯಾಬಿನ್ ಸ್ಟೂವರ್ಡ್‌ಗೆ ಮೊದಲ ದಿನವೇ ಹೇಳಿ ಇಬ್ಬರಿಗೂ ಬೇರೆ ಬೇರೆ ಹೊದಿಕೆ ತರಿಸಿಕೊಳ್ಳುವುದು: ಒಬ್ಬರಿಗೆ ದಪ್ಪ ರಜಾಯಿ, ಇನ್ನೊಬ್ಬರಿಗೆ ಬರೀ ಬಿಳಿ ಬಟ್ಟೆ. ಗುಂಡಿಯನ್ನು ಬದಲಿಸಬಾರದೆಂದೂ ಅವರಿಗೇ ಹೇಳಿ. ಕೋಣೆ ಗುಡಿಸುವಾಗ ಅವರಿಗೂ ಸೆಖೆಯಾಗುತ್ತದೆ, ತಣ್ಣಗೆ ಮಾಡಿಕೊಂಡು ಮರೆತುಹೋಗುತ್ತಾರೆ.

ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಟಿಶ್ಯೂ ಕಾಗದ ಸಾಕು. ಕಂಡಿಗೆ ಹಿಡಿಯಿರಿ. ಕಾಗದ ಅಲ್ಲಾಡದಿದ್ದರೆ ಗಾಳಿಯೇ ಇಲ್ಲ: ಫ್ಯಾನು ನಿಂತಿದೆ ಅಥವಾ ಸೋಸು ಜಾಲರಿ ಧೂಳಿನಿಂದ ಕಟ್ಟಿದೆ. ಚೆನ್ನಾಗಿ ಅಲ್ಲಾಡಿಯೂ ಗಾಳಿ ಕೈಗೆ ಬೆಚ್ಚಗಿದ್ದರೆ ವಾಲ್ವು ತೆರೆಯುತ್ತಿಲ್ಲ. ಗುಂಡಿಯನ್ನು ಬೆಚ್ಚಗಿನ ಕಡೆಗೆ ತಿರುಗಿಸಿ ಒಂದು ಗಂಟೆಯಾದರೂ ಕಂಡಿ ಕೊರೆಯುತ್ತಲೇ ಇದ್ದರೆ ವಾಲ್ವು ತೆರೆದೇ ಸಿಕ್ಕಿಕೊಂಡಿದೆ. ಗೆಸ್ಟ್ ಸರ್ವಿಸ್ ಮೇಜಿಗೆ ಹೋಗಿ "ವೆರಿ ಹಾಟ್, ವೆರಿ ಹಾಟ್" ಎಂದರೆ ನಗುತ್ತಾ ಒಂದು ಟೇಬಲ್ ಫ್ಯಾನ್ ಕಳಿಸುತ್ತಾರೆ. "ಬಾಲ್ಕನಿ ಬಾಗಿಲು ಹಾಕಿ ಒಂದು ಗಂಟೆಯಾಯಿತು, ಗಾಳಿ ಜೋರಾಗಿದೆ, ಆದರೆ ತಣ್ಣಗಿಲ್ಲ" ಎಂದರೆ ಏಸಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದುಕೊಂಡು ಬರುತ್ತಾನೆ. ಹೇಳುವ ರೀತಿಯಲ್ಲೇ ಅರ್ಧ ರಿಪೇರಿ.

ಕೊನೆಯ ರಾತ್ರಿಯ ಒಂದು ಎಚ್ಚರಿಕೆ. ಇಳಿಯುವ ಹಿಂದಿನ ರಾತ್ರಿ ಮಲಗುವ ಮುಂಚೆ ದೊಡ್ಡ ಪೆಟ್ಟಿಗೆಗಳಿಗೆ ಗುರುತಿನ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಲು ಹೇಳುವ ಹಡಗುಗಳೇ ಹೆಚ್ಚು. ಅಚ್ಚುಕಟ್ಟಾದ ಗೃಹಿಣಿ ಶಾಲು, ಸ್ವೆಟರು, ಮಂಕಿ ಕ್ಯಾಪು, ನಾಳೆ ಉಡಬೇಕಾದ ಸೀರೆ, ಯಜಮಾನರ ಪ್ಯಾಂಟು ಎಲ್ಲವನ್ನೂ ಮಡಿಸಿ ಒಳಗಿಟ್ಟು, ಬೀಗ ಹಾಕಿ, ಹೊರಗಿಟ್ಟು, ನಿಟ್ಟುಸಿರು ಬಿಟ್ಟು ಮಲಗುತ್ತಾರೆ. ಅದೇ ಹೊತ್ತಿಗೆ ಪೆಟ್ಟಿಗೆ ಕಟ್ಟಿ ಬೆವತ ಯಜಮಾನರು ಗುಂಡಿಯನ್ನು 18ಕ್ಕೆ ತಿರುಗಿಸಿರುತ್ತಾರೆ. ರಾತ್ರಿ ಎರಡಕ್ಕೆ ಎಚ್ಚರವಾದಾಗ ಬಾಗಿಲ ಹೊರಗೆ ಪೆಟ್ಟಿಗೆ ಇರುವುದಿಲ್ಲ, ಅದು ಕೆಳಗಿನ ಡೆಕ್ಕಿನ ಮೂರು ಸಾವಿರ ಪೆಟ್ಟಿಗೆಗಳ ನಡುವೆ ಬೆಚ್ಚಗೆ ಮಲಗಿರುತ್ತದೆ. ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಪೈಜಾಮದ ಮೇಲೆ ಬಚ್ಚಲ ಟವೆಲ್ ಹೊದ್ದು ಇಡ್ಲಿಗೆ ತಟ್ಟೆ ಚಾಚಿ ನಿಂತವರನ್ನು ಕಂಡರೆ, ದಯವಿಟ್ಟು ಏನೂ ಕೇಳಬೇಡಿ.