ಹಾಡುಗಳೇ ಇಲ್ಲದ ಬೀಳ್ಕೊಡುಗೆ

ಜಪಾನಿನ ಲೇಖಕ ಹರುಕಿ ಮುರಕಾಮಿಯ 1987ರ ಕಾದಂಬರಿ ‘ನಾರ್ವೇಜಿಯನ್ ವುಡ್’ ಅಂದರೆ ನನಗೆ ಪ್ರಾಣ. ಅದನ್ನು ಆಧರಿಸಿದ 2010ರ ಸಿನಿಮಾ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಕಾಡು, ಹಿಮ, ಗಾಳಿಗೆ ತೂಗುವ ಹುಲ್ಲು ಎಲ್ಲಾ ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಕೊನೆಯ ಆ ರಾತ್ರಿ ಎಲ್ಲಿ ಹೋಯಿತು? ಪುಸ್ತಕದಲ್ಲಿ ರೇಕೊ ಗಿಟಾರ್ ಹಿಡಿದು ಕೂರುತ್ತಾಳೆ. ತೀರಿಹೋದ ಗೆಳತಿ ನವೋಕೊಗಾಗಿ ಒಂದರ ಹಿಂದೊಂದು ಹಾಡು ನುಡಿಸುತ್ತಾಳೆ. ಒಂದೊಂದು ಹಾಡಿಗೂ, ನವೋಕೊಳನ್ನು ಪ್ರೀತಿಸಿದ್ದ ಕಥಾನಾಯಕ ವಟನಾಬೆ ಒಂದೊಂದು ಬೆಂಕಿಕಡ್ಡಿ ಜೋಡಿಸಿಡುತ್ತಾನೆ. ಒಟ್ಟು 51! ಅದು ಇವರಿಬ್ಬರೇ ಅವಳಿಗೆ ಮಾಡುವ ಬೀಳ್ಕೊಡುಗೆ. ಅದಾದ ಮೇಲೇ ಅಲ್ವಾ ಅವರು ಹತ್ತಿರವಾಗುವುದು?

ಸಿನಿಮಾದಲ್ಲಿ ಹಾಡುಗಳನ್ನು ಕತ್ತರಿಸಿ ಹಾಸಿಗೆಯನ್ನಷ್ಟೇ ಉಳಿಸಿಕೊಂಡಿದ್ದಾರೆ. ಎರಡು ಗಂಟೆಗೂ ಜಾಸ್ತಿ ಉದ್ದದ ಸಿನಿಮಾ. ಆ ಬೆಂಕಿಕಡ್ಡಿಗಳನ್ನು ತೋರಿಸಲು ಐದು ನಿಮಿಷ ಸಿಗಲಿಲ್ಲವಾ?