ಸೋತ ಕೂಡಲೇ ಡಬ್ಬಾ ಟೀಮ್ ಅನ್ನಬೇಡಿ

ಮಾರ್ಚ್ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರು. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ನಾನು, ನನ್ನ ಗಂಡ, ನನ್ನ ಜೊತೆ ಎಂಎಸ್ ಮಾಡಿದ ನಾಲ್ಕು ಜನ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಯುವ ಆ ಮೂರು ವಾರ ಬೇರೆ ಮಾತೇ ಇಲ್ಲ. ‘ಇವರು ಸ್ಟ್ರಾಂಗು, ಅವರು ವೀಕು.’ ‘ಮೂವತ್ತು ಗೆದ್ದಿದಾರೆ ಸರಿ, ಯಾರ ಮೇಲೆ ಗೆದ್ದಿದಾರೆ ಅದನ್ನ ಹೇಳಿ.’ ಯಾವುದಾದರೂ ದೊಡ್ಡ ತಂಡ ಬಿತ್ತೋ, ಒಂದೇ ನಿಮಿಷದಲ್ಲಿ ಯಾರಾದರೂ ಬರೆದೇ ಬರೆಯುತ್ತಾರೆ: ‘ನಾನ್ ಮೊದ್ಲೇ ಹೇಳಿರ್ಲಿಲ್ವಾ, ಡಬ್ಬಾ ಟೀಮ್ ಅಂತ.’

ಈ ಕೊನೆಯ ಮಾತಿನ ಬಗ್ಗೆಯೇ ನನ್ನ ತಕರಾರು. ಅದನ್ನು ಬಿಚ್ಚಿ ಹೇಳಬೇಕೆಂದೇ ಇವತ್ತು ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಯುಎಂಬಿಸಿಯಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿ. ಭಾವ ಓದಿದ್ದು, ಈಗಲೂ ಇರುವುದು ಶಾರ್ಲಟ್ಸ್‌ವಿಲ್‌ನಲ್ಲಿ; ಯೂನಿವರ್ಸಿಟಿ ಆಫ್ ವರ್ಜೀನಿಯಾದ ಕಟ್ಟಾ ಅಭಿಮಾನಿ. ಈ ಎರಡು ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ಇಲ್ಲಿನ ಬ್ಯಾಸ್ಕೆಟ್‌ಬಾಲ್ ಪ್ರಿಯರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಊರಲ್ಲಿರುವ ನಿಮಗಾಗಿ ಹೇಳುತ್ತೇನೆ.

 ಟೂರ್ನಿಯ ತಂಡಗಳನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲೂ 1ರಿಂದ 16ರವರೆಗೆ ಸೀಡ್, ಅಂದರೆ ಬಲದ ಅಂದಾಜಿನ ಕ್ರಮಾಂಕ, ಕೊಡುತ್ತಾರೆ. ಒಂದನೇ ಸೀಡ್‌ಗೆ ಮೊದಲ ಪಂದ್ಯ 16ರ ಮೇಲೆ. ಒಮ್ಮೆ ಸೋತರೆ ಗಂಟುಮೂಟೆ ಕಟ್ಟಿದ ಹಾಗೆ. 1985ರಲ್ಲಿ ಟೂರ್ನಿ 64 ತಂಡಕ್ಕೆ ಬೆಳೆದಾಗಿನಿಂದ ಪುರುಷರ ಟೂರ್ನಿಯಲ್ಲಿ ಒಂದನೇ ಸೀಡ್‌ಗಳು 16ರ ಮೇಲೆ 135 ಪಂದ್ಯ ಆಡಿ 135ನ್ನೂ ಗೆದ್ದಿದ್ದವು.

2018ರ ಮಾರ್ಚ್ 16, ಶುಕ್ರವಾರ ರಾತ್ರಿ. ಕ್ಯಾಟನ್ಸ್‌ವಿಲ್‌ನ ಬಾಡಿಗೆ ಮನೆಯಲ್ಲಿ ನಾವು ಮೂವರು ಹುಡುಗಿಯರು ಬಿಸಿಬೇಳೆಬಾತಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ನಮ್ಮದು 16ನೇ ಸೀಡ್. ಬ್ಯಾಸ್ಕೆಟ್‌ಬಾಲ್‌ಗಿಂತ ಚೆಸ್ ತಂಡದಿಂದ ಹೆಸರಾದ ಕಾಲೇಜು. ಅದೇ ಜನವರಿಯಲ್ಲಿ ಆಲ್ಬನಿ ನಮ್ಮನ್ನು 83–39ರಲ್ಲಿ ಹೊಡೆದುಹಾಕಿತ್ತು. ಎದುರಿಗೆ ವರ್ಜೀನಿಯಾ: 31 ಗೆಲುವು, 2 ಸೋಲು, ಇಡೀ ಟೂರ್ನಿಗೇ ಮೊದಲನೆಯ ತಂಡ. ಎದುರಾಳಿಗೆ ಪಂದ್ಯಕ್ಕೆ ಸರಾಸರಿ 54ರ ಆಸುಪಾಸು ಪಾಯಿಂಟ್ ಮಾತ್ರ ಬಿಟ್ಟುಕೊಡುವ ಡಿಫೆನ್ಸ್.

ಅರ್ಧ ಪಂದ್ಯಕ್ಕೆ 21–21. ಅಷ್ಟಕ್ಕೇ ನಮಗೆ ಹಬ್ಬ. ಆಮೇಲೆ ಬಂತು ನೋಡಿ ಎರಡನೇ ಅರ್ಧ. ನಮ್ಮ ಜೈರಸ್ ಲೈಲ್ಸ್ ಒಳಗೆ ನುಗ್ಗುತ್ತಾನೆ, ಹೊರಗಿನಿಂದ ಹೊಡೆಯುತ್ತಾನೆ, ಎಲ್ಲಾ ಒಳಗೆ. ಆಟ ನಡೆಸುವ ಪಾಯಿಂಟ್ ಗಾರ್ಡ್ ಕೆ. ಜೆ. ಮೌರಾ, ಐದು ಅಡಿ ಎಂಟು ಅಂಗುಲ, ಅರವತ್ತಮೂರು ಕೆಜಿ ಇರಬಹುದು, ತನಗಿಂತ ಒಂದಡಿ ಎತ್ತರದವರ ನಡುವೆ ಚೆಂಡನ್ನು ಮೊಣಕಾಲಿಗಿಂತ ಮೇಲೆ ಏಳಲು ಬಿಡದೆ ಪುಟಿಸುತ್ತಾ ನುಸುಳುತ್ತಿದ್ದ. ಆ ಅರ್ಧದಲ್ಲಿ ನಮ್ಮವರು 53 ಪಾಯಿಂಟ್ ಹೊಡೆದರು. ಬೇರೆ ತಂಡಗಳು ಇಡೀ ಪಂದ್ಯದಲ್ಲಿ ವರ್ಜೀನಿಯಾ ಮೇಲೆ ಗಳಿಸುತ್ತಿದ್ದಷ್ಟನ್ನು ಇವರು ಇಪ್ಪತ್ತೇ ನಿಮಿಷದಲ್ಲಿ ಗಳಿಸಿದ್ದರು! 74–54. ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ತೆರೆದು ನೋಡಿದರೆ ಅವರೂ ನಗುತ್ತಿದ್ದರು.

ಭಾವನಿಗೆ ಫೋನ್ ಮಾಡಿದೆ. “ನೋಡಮ್ಮ, ನಿಮ್ ಹುಡುಗ್ರು ಚೆನ್ನಾಗಿ ಆಡಿದ್ರು. ಮಲ್ಕೋ ಹೋಗು,” ಅಂದರು. ಅಷ್ಟೇ. ನಾನು ಫೋನಿಟ್ಟವಳೇ ಗುಂಪಿನಲ್ಲಿ ಬರೆದೆ: ‘ವರ್ಜೀನಿಯಾ ಡಬ್ಬಾ ಟೀಮ್.’ ಭಾವ ಅದನ್ನು ನೋಡಿದರು, ಏನೂ ಉತ್ತರಿಸಲಿಲ್ಲ. ಆ ಮಾತು ಬರೆದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ತಪ್ಪು ಮಾತು ಅದು. ಕೆಟ್ಟ ಮಾತು ಅನ್ನುವುದು ಆಮೇಲಿನದು, ಮೊದಲಿಗೆ ಸುಳ್ಳು ಮಾತು.

ಅದನ್ನು ಯಾಕೆ ಸುಳ್ಳು ಅನ್ನುತ್ತೇನೆ ಅನ್ನುವುದು ಕ್ರಿಕೆಟ್ ಗೊತ್ತಿರುವ ಎಲ್ಲರಿಗೂ ಅರ್ಥವಾಗುತ್ತದೆ. ಐದು ದಿನದ ಟೆಸ್ಟ್‌ನಲ್ಲಿ ಸಣ್ಣ ತಂಡ ದೊಡ್ಡ ತಂಡವನ್ನು ಸೋಲಿಸುವುದು ಕಷ್ಟ. ಐವತ್ತು ಓವರಿನಲ್ಲಿ ಸ್ವಲ್ಪ ಸುಲಭ, ಇಪ್ಪತ್ತರಲ್ಲಿ ಇನ್ನೂ ಸುಲಭ. ಮಳೆ ಬಂದು ಐದು ಓವರಿಗೆ ಇಳಿದರೆ? ಇಬ್ಬರು ಬ್ಯಾಟ್ ಬೀಸಿದರೆ ಮುಗಿಯಿತು. ಆಟ ಚಿಕ್ಕದಾದಷ್ಟೂ ಬಲಿಷ್ಠನಿಗೆ ನಷ್ಟ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಓವರಿನ ಜಾಗದಲ್ಲಿ ಇರುವುದು ಪೊಸೆಷನ್, ಅಂದರೆ ಚೆಂಡು ಕೈಗೆ ಬಂದ ಸರದಿ. ಸಾಮಾನ್ಯ ಕಾಲೇಜು ತಂಡಕ್ಕೆ ಒಂದು ಪಂದ್ಯದಲ್ಲಿ 70ರ ಹತ್ತಿರ ಸರದಿ ಸಿಗುತ್ತದೆ. ಆಗಿನ ಕೋಚ್ ಟೋನಿ ಬೆನೆಟ್ ಅವರ ವರ್ಜೀನಿಯಾ ದೇಶದಲ್ಲೇ ಅತಿ ನಿಧಾನದ ಆಟಕ್ಕೆ ಹೆಸರಾದದ್ದು, 60ರ ಆಸುಪಾಸು. ಆ ನಿಧಾನವೇ ಅವರಿಗೆ 31 ಪಂದ್ಯ ಗೆಲ್ಲಿಸಿತ್ತು. ಆದರೆ ಕೈಕೊಟ್ಟ ದಿನ ಸುಧಾರಿಸಿಕೊಳ್ಳಲು ಸರದಿಯೇ ಉಳಿದಿರುವುದಿಲ್ಲ. ಆ ರಾತ್ರಿ ನಮ್ಮವರು ದೂರದಿಂದ 24 ತ್ರೀ ಪಾಯಿಂಟರ್ ಎಸೆದು 12 ಹಾಕಿದರು; ಅವರು 22 ಎಸೆದು ನಾಲ್ಕು. ಅದರ ಮೇಲೆ ಅವರ ಡಿಆಂಡ್ರೆ ಹಂಟರ್ ಟೂರ್ನಿಗೆ ಕೆಲವೇ ದಿನ ಮುಂಚೆ ಮಣಿಕಟ್ಟು ಮುರಿದುಕೊಂಡು ಆಡಿರಲೇ ಇಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಹುಡುಗರ ಗೆಲುವನ್ನು ಅದೃಷ್ಟ ಅಂತ ತಳ್ಳಿಹಾಕುತ್ತಿಲ್ಲ. ಅಡ್ಡಿಯಿಲ್ಲದೆ ಸಿಕ್ಕ ಶಾಟ್ ಅನ್ನು ಆ ಒತ್ತಡದಲ್ಲಿ ಹಾಕುವುದಕ್ಕೆ ವರ್ಷಗಟ್ಟಲೆ ಬೆವರು ಸುರಿಸಿರಬೇಕು. ನಾನು ಹೇಳುವುದಿಷ್ಟೇ: ಒಂದು ತಂಡದ ಬಲ ಅನ್ನುವುದು ನವೆಂಬರಿನಿಂದ ಮಾರ್ಚ್‌ವರೆಗಿನ ಮೂವತ್ತಮೂರು ಪಂದ್ಯಗಳ ಲೆಕ್ಕ. ಟೂರ್ನಿ ಕೇಳುವುದು ಈ ಒಂದು ರಾತ್ರಿಯ ನಲವತ್ತು ನಿಮಿಷದ ಲೆಕ್ಕ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಬರೆದರೆ ಹೇಗೆ?

ಎರಡು ದಿನ ಬಿಟ್ಟು ಯುಗಾದಿ. ಅವತ್ತೇ ಕಾನ್ಸಾಸ್ ಸ್ಟೇಟ್ ಮೇಲೆ 50–43ರಲ್ಲಿ ನಾವು ಸೋತೆವು. ‘ಯುಎಂಬಿಸಿ ಡಬ್ಬಾ ಟೀಮ್’ ಅಂತ ಯಾರೂ ಬರೆಯಲಿಲ್ಲ. ಸಣ್ಣವರು ಸೋತರೆ ಪಾಪ ಅನ್ನುತ್ತೇವೆ, ದೊಡ್ಡವರು ಸೋತರೆ ಮೋಸ ಬಯಲಾಯಿತು ಅನ್ನುತ್ತೇವೆ.

ಅವತ್ತು ಎಲ್ಲ ಕಡೆ ‘ಚರಿತ್ರೆಯಲ್ಲೇ ಮೊದಲು’ ಅಂದರಲ್ಲ, ಅದನ್ನೂ ಸ್ವಲ್ಪ ತಿದ್ದಬೇಕು. ಪುರುಷರಲ್ಲಿ ಮೊದಲು. ಹೆಂಗಸರ ಟೂರ್ನಿಯಲ್ಲಿ ಇಪ್ಪತ್ತು ವರ್ಷ ಮೊದಲೇ, 1998ರಲ್ಲಿ, 16ನೇ ಸೀಡ್ ಹಾರ್ವರ್ಡ್ ಹುಡುಗಿಯರು ಒಂದನೇ ಸೀಡ್ ಸ್ಟ್ಯಾನ್‌ಫರ್ಡ್ ಅನ್ನು ಅವರದೇ ಅಂಗಣದಲ್ಲಿ 71–67ರಲ್ಲಿ ಸೋಲಿಸಿದ್ದರು. ಆಲಿಸನ್ ಫೀಸ್ಟರ್ ಒಬ್ಬಳೇ 35 ಪಾಯಿಂಟ್! ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರು ಟೂರ್ನಿಗೆ ಸ್ವಲ್ಪ ಮುಂಚೆ ಮೊಣಕಾಲು ಪೆಟ್ಟು ಮಾಡಿಕೊಂಡು ಹೊರಗೆ ಕೂತಿದ್ದರು. ಇಪ್ಪತ್ತು ವರ್ಷದ ಅಂತರದಲ್ಲಿ ಅದೇ ಕಥೆ: ಗೆದ್ದವರು ಜೀವ ತೇಯ್ದು ಆಡಿದ್ದು ನಿಜ, ಸೋತವರ ಪೂರ್ತಿ ಬಲ ಅಂಗಣದಲ್ಲಿ ಇರಲಿಲ್ಲ ಅನ್ನುವುದೂ ನಿಜ. ಹೆಂಗಸರ ಆಟವನ್ನು ಲೆಕ್ಕಕ್ಕೇ ತಗೊಳ್ಳದೆ ‘ಮೊದಲು’ ಅನ್ನುವುದು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನು ಪರ್ಡ್ಯೂ ವಿಷಯ. 2023ರಲ್ಲಿ ಫೇರ್ಲಿ ಡಿಕಿನ್ಸನ್ ಅನ್ನುವ ನ್ಯೂಜೆರ್ಸಿಯ 16ನೇ ಸೀಡ್ ಪುಟ್ಟ ತಂಡ, ಆ ವರ್ಷ ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದರಲ್ಲೇ ಅತಿ ಕುಳ್ಳರ ತಂಡ, ಏಳಡಿ ನಾಲ್ಕಂಗುಲದ ಝಾಕ್ ಈಡಿ ಇದ್ದ ಒಂದನೇ ಸೀಡ್ ಪರ್ಡ್ಯೂವನ್ನು 63–58ರಲ್ಲಿ ಮನೆಗೆ ಕಳಿಸಿತು. ನಮ್ಮ ಗುಂಪಿನಲ್ಲಿ ಮತ್ತೆ ಅದೇ ‘ಡಬ್ಬಾ’. ಮರುವರ್ಷ ಅದೇ ಈಡಿ, ಅದೇ ಕೋಚ್, ಪರ್ಡ್ಯೂ ಫೈನಲ್‌ವರೆಗೆ ಹೋಯಿತು. ವರ್ಜೀನಿಯಾ ಮರುವರ್ಷ ಏನು ಮಾಡಿತೆಂದು ಮುಂದೆ ಹೇಳುತ್ತೇನೆ. ಪುರುಷರಲ್ಲಿ 16ಕ್ಕೆ ಸೋತ ಎರಡು ತಂಡ. ಎರಡೂ ಮರುವರ್ಷ ಫೈನಲ್. ಡಬ್ಬಾ ತಂಡಗಳು ಹೀಗೆ ಮಾಡುತ್ತವೆಯೇ?

ಹಾಗಾದರೆ ಬಲದ ಬಗ್ಗೆ ವಾದವೇ ಬೇಡವೇ ಅಂದರೆ, ಬೇಕು. ಆದರೆ ಅದು ನಡೆಯಬೇಕಾದದ್ದು ಟೂರ್ನಿಗೆ ಮುಂಚೆ, ಯಾರನ್ನು ಒಳಗೆ ಬಿಡುತ್ತಾರೆ ಅನ್ನುವ ಬಾಗಿಲಲ್ಲಿ. ಅಲ್ಲಿ ನಿಜವಾದ ಅನ್ಯಾಯ ಇದೆ. 2018–19ರಿಂದ ಆಯ್ಕೆ ಸಮಿತಿಯವರು ‘ನೆಟ್’ ಅನ್ನುವ ಶ್ರೇಯಾಂಕ ನೋಡುತ್ತಾರೆ. ಗೆಲುವುಗಳನ್ನು ನಾಲ್ಕು ದರ್ಜೆ ಮಾಡುತ್ತಾರೆ. ಮೊದಲ ದರ್ಜೆ ಗೆಲುವು ಬೇಕಾದರೆ ನಿಮ್ಮ ಅಂಗಣದಲ್ಲಿ ಮೊದಲ 30ರೊಳಗಿನವರನ್ನೋ, ಅವರ ಅಂಗಣದಲ್ಲಿ ಮೊದಲ 75ರೊಳಗಿನವರನ್ನೋ ಸೋಲಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ದೊಡ್ಡ ಕಾಲೇಜುಗಳು ಸಣ್ಣವರ ಊರಿಗೆ ಆಡಲು ಬರುವುದೇ ಅಪರೂಪ. ದುಡ್ಡು ಕೊಟ್ಟು ಸಣ್ಣವರನ್ನೇ ತಮ್ಮಲ್ಲಿಗೆ ಕರೆಸಿಕೊಳ್ಳುತ್ತವೆ. ಅದರಲ್ಲೂ ನಿಜಕ್ಕೂ ಗಟ್ಟಿಯಾದ ಸಣ್ಣ ತಂಡವನ್ನು ಕರೆಯುವುದಿಲ್ಲ, ಸೋತರೆ ಮರ್ಯಾದೆ ಹೋಗುತ್ತದಲ್ಲ. ಪರೀಕ್ಷೆಗೇ ಕೂರಿಸದೆ ‘ಮಾರ್ಕ್ಸ್ ಎಲ್ಲಿ’ ಅಂತ ಕೇಳಿದ ಹಾಗಾಯಿತು.

2024ರಲ್ಲಿ ಇಂಡಿಯಾನಾ ಸ್ಟೇಟ್ 28 ಪಂದ್ಯ ಗೆದ್ದಿತ್ತು. ನೆಟ್‌ನಲ್ಲಿ 29ನೇ ಸ್ಥಾನ. ತನ್ನ ಲೀಗಿನ ಫೈನಲ್‌ನಲ್ಲಿ ಡ್ರೇಕ್ ಮೇಲೆ ನಾಲ್ಕು ಪಾಯಿಂಟಿನಿಂದ ಸೋತು ನೇರ ಪ್ರವೇಶ ಕಳೆದುಕೊಂಡಿತು, ಸಮಿತಿಯೂ ಆರಿಸಲಿಲ್ಲ, ಟೂರ್ನಿಯ ಬಾಗಿಲು ಮುಚ್ಚಿತು. ಮರುವರ್ಷ ದೊಡ್ಡ ಹೆಸರಿನ ನಾರ್ತ್ ಕೆರೊಲಿನಾ ಮೊದಲ ದರ್ಜೆಯ 13 ಪಂದ್ಯ ಆಡಿ ಗೆದ್ದದ್ದು ಒಂದು. ಅವರಿಗೆ ಜಾಗ ಸಿಕ್ಕಿತು. ಅವರು ಮೊದಲ ಪಂದ್ಯದಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ಅನ್ನು 95–68ರಲ್ಲಿ ಚಚ್ಚಿದಾಗ ನನ್ನ ಗಂಡ ‘ನೋಡಿದ್ಯಾ, ಕೊಟ್ಟಿದ್ದು ಸರಿಯಾಯ್ತು’ ಅಂದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಒಳಗೆ ಬಿಟ್ಟವರು ಗೆದ್ದು ತೋರಿಸಬಹುದು. ಹೊರಗೆ ನಿಲ್ಲಿಸಿದವರು ಏನು ತೋರಿಸಲು ಸಾಧ್ಯ?

ಬಲವಂತರು ಗೆಲ್ಲುವುದೇ ಇಲ್ಲವೆಂದಲ್ಲ. 2025ರಲ್ಲಿ ನಾಲ್ಕೂ ಒಂದನೇ ಸೀಡ್‌ಗಳು, ಫ್ಲಾರಿಡಾ, ಆಬರ್ನ್, ಡ್ಯೂಕ್, ಹ್ಯೂಸ್ಟನ್, ಕೊನೆಯ ನಾಲ್ಕಕ್ಕೆ ಬಂದವು. ಅದಕ್ಕೆ ಮುಂಚೆ ಹಾಗಾದದ್ದು 2008ರಲ್ಲಿ ಒಮ್ಮೆ ಮಾತ್ರ.

ನಾನೂ ಒಂದು ಕಾಲದಲ್ಲಿ ಆಡಿದವಳು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜು, ವಿಟಿಯು ಅಂತರ್ ಕಾಲೇಜು ಪಂದ್ಯ, ಸಿಮೆಂಟ್ ಕೋರ್ಟು. ಬಿಸಿಲಿಗೆ ನೆಲ ಕಾದು ಶೂ ಒಳಗೆ ಪಾದ ಬೇಯುತ್ತಿತ್ತು. ನೆಟ್ ಹರಿದ ಒಂದು ರಿಂಗ್, ಎಡಕ್ಕೆ ಸ್ವಲ್ಪ ವಾಲಿದ್ದು. ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಹಾಕುತ್ತಿದ್ದ ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರೂ ತಡೆಯದೆ ಎಸೆಯುವ ಅವಕಾಶ, ಆ ದಿನ ನಾಲ್ಕು ಎಸೆದೆ, ನಾಲ್ಕೂ ಹೊರಗೆ. ಮೂರು ಪಾಯಿಂಟಿನಿಂದ ಸೋತೆವು. ನೀರು ಕುಡಿಯಲು ಹೋದಾಗ ಗೋಡೆಯ ಮೇಲೆ ಕೂತಿದ್ದ ಒಬ್ಬ ಹುಡುಗ ಅಂದ, “ಏನ್ ಸುಮ್ನೆ ಬಿಲ್ಡಪ್ಪು, ಡಬ್ಬಾ ಟೀಮು.” ನನಗಾಗ ಹತ್ತೊಂಬತ್ತು. ಹದಿನೈದು ವರ್ಷವಾಯಿತು, ಆ ಹುಡುಗನ ಮುಖ ಮರೆತಿದೆ, ಮಾತು ಮರೆತಿಲ್ಲ. ಟಿವಿಯಲ್ಲಿ ಆಡುವ ಈ ಹುಡುಗರಿಗೂ ಹತ್ತೊಂಬತ್ತು, ಇಪ್ಪತ್ತೇ. ಆರಡಿ ಏಳಂಗುಲ ಇರುವುದರಿಂದ ಅವರ ವಯಸ್ಸು ನಮಗೆ ಮರೆತುಹೋಗುತ್ತದೆ. ವರ್ಜೀನಿಯಾದ ಕೈಲ್ ಗೈ, ನಮ್ಮವರು ಕುಣಿಯುತ್ತಿರುವಾಗ ತಾನು ಬಗ್ಗಿ ನಿಂತಿರುವ ಫೋಟೋವನ್ನೇ ತನ್ನ ಟ್ವಿಟರ್ ಚಿತ್ರವಾಗಿ ಹಾಕಿಕೊಂಡಿದ್ದ.

ಮರುವರ್ಷ, 2019ರ ಏಪ್ರಿಲ್ 6. ಅವತ್ತೂ ಯುಗಾದಿ. ಶಾರ್ಲಟ್ಸ್‌ವಿಲ್‌ನಲ್ಲಿ ಅಕ್ಕನ ಮನೆ, ಬೆಳಿಗ್ಗೆಯ ಹೋಳಿಗೆ ಇನ್ನೂ ಡಬ್ಬಿಯಲ್ಲಿತ್ತು. ಸೆಮಿಫೈನಲ್, ವರ್ಜೀನಿಯಾಗೆ ಆಬರ್ನ್. ಅದಕ್ಕೆ ಹಿಂದಿನ ಪಂದ್ಯದಲ್ಲಿ ಪರ್ಡ್ಯೂ ಮೇಲೆ ಕೊನೆಯ ಕ್ಷಣದ ಶಾಟ್‌ನಿಂದ ಬದುಕಿ, ಹೆಚ್ಚುವರಿ ಸಮಯದಲ್ಲಿ ಗೆದ್ದು ಬಂದಿದ್ದರು. ಈಗ ಮತ್ತೆ 62–60ರಲ್ಲಿ ಹಿಂದೆ. ಸ್ವಲ್ಪ ಮುಂಚೆ ವರ್ಜೀನಿಯಾದವರದೇ ಒಂದು ಡಬಲ್ ಡ್ರಿಬಲ್, ಅಂದರೆ ಚೆಂಡು ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪು, ರೆಫರಿಗಳ ಕಣ್ಣು ತಪ್ಪಿತ್ತು. ಭಾವ ತಾವಾಗಿಯೇ “ಅದು ಕೊಡ್ಬೇಕಿತ್ತು” ಅಂದಿದ್ದರು. 0.6 ಸೆಕೆಂಡ್ ಇರುವಾಗ ಮೂಲೆಯಿಂದ ಎಸೆದ ಕೈಲ್ ಗೈ ಮೇಲೆ ಫೌಲ್. ಮೂರು ಫ್ರೀ ಥ್ರೋ.

ಭಾವ ಎದ್ದು ಅಡುಗೆಮನೆಗೆ ಹೋದರು. “ನಂಗ್ ನೋಡಕ್ಕಾಗಲ್ಲಮ್ಮ, ನೀನೇ ಹೇಳು.”

“ಒಂದು ಬಿತ್ತು ಭಾವ.”

ನಲ್ಲಿ ಬಿಟ್ಟ ಸದ್ದು ಕೇಳಿಸಿತು, ನಿಂತಿತು.

“ಎರಡೂ ಬಿತ್ತು. ಸಮ ಆಯ್ತು.”

ಆಬರ್ನ್‌ನವರು ಟೈಮ್‌ಔಟ್ ತಗೊಂಡರು. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. ನನ್ನ ಕಾಲೇಜು ಇವರನ್ನು ಸೋಲಿಸಿದ್ದಕ್ಕೆ ಕುಣಿದಿದ್ದ ನಾನು, ಆ ಹುಡುಗ ಮೂರನೆಯದಕ್ಕೆ ಚೆಂಡು ಕೈಗೆತ್ತಿಕೊಂಡಾಗ ಉಸಿರು ಬಿಗಿಹಿಡಿದಿದ್ದೆ.

“ಭಾವ, ಬನ್ನಿ. ಬಿತ್ತು.”

ಎರಡು ದಿನದ ನಂತರ ಟೆಕ್ಸಾಸ್ ಟೆಕ್ ಮೇಲೆ 85–77ರಲ್ಲಿ ಗೆದ್ದು ವರ್ಜೀನಿಯಾ ಚಾಂಪಿಯನ್ ಆಯಿತು. ಅವರನ್ನು ಅಂದು ಸೋಲಿಸಿದ ನಮ್ಮ ಕೋಚ್ ರಯಾನ್ ಓಡಮ್ ಅವರನ್ನು 2025ರಲ್ಲಿ ವರ್ಜೀನಿಯಾದವರೇ ಕರೆದು ತಮ್ಮ ಕೋಚ್ ಮಾಡಿಕೊಂಡರು. ಸುದ್ದಿ ಬಂದ ದಿನ ಭಾವ ಗುಂಪಿನಲ್ಲಿ ಹಾಕಿದ್ದು ಒಂದೇ ಸಾಲು: ‘ನಿಮ್ಮ ಕೋಚ್ ನಮ್ಮನೆಗೆ ಬಂದ್ರಮ್ಮ.’ ನಾನು 2018ರ ನನ್ನ ಆ ಸಂದೇಶವನ್ನು ಹುಡುಕಿ ತೆಗೆದು, ಅದರ ಕೆಳಗೆ ಅವರಿಗೆ ಕ್ಷಮೆ ಕೇಳಿ ಬರೆದೆ.