ಬಿ ಅಂದ್ರೆ ಬ್ಯಾಕ್ ಅಲ್ಲ

ಬ್ರೇಕ್ ತುಳಿದು ಬಟನ್ ಒತ್ತಿದೆ. ಏನೂ ಆಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಶೋರೂಮಿನ ಹುಡುಗ ಸುಮ್ಮನೆ ನಗುತ್ತಿದ್ದ. ಬ್ರೇಕ್ ಸರಿಯಾಗಿ ತುಳಿದಿಲ್ಲವೇನೋ ಅಂತ ಇನ್ನೂ ಗಟ್ಟಿಯಾಗಿ ತುಳಿದು ಮತ್ತೆ ಒತ್ತಿದೆ. ಊಹೂಂ. ಮೂರನೇ ಸಲ ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ಏನೇನೋ ದೀಪ ಬಂದವು, ಶಬ್ದ ಮಾತ್ರ ಇಲ್ಲ. ನಾಲ್ಕನೇ ಸಲಕ್ಕೆ ಬೆರಳು ಚಾಚಿದಾಗ ಹುಡುಗ ಮೆಲ್ಲಗೆ ನನ್ನ ಕೈ ಹಿಡಿದುಕೊಂಡ.

"ಸರ್, ಮೊದಲನೇ ಸಲಾನೇ ಆನ್ ಆಗಿತ್ತು. ಎರಡನೇ ಸಲ ಆಫ್ ಮಾಡಿದ್ರಿ. ಈಗ ಮತ್ತೆ ಆನ್ ಆಗಿದೆ. ಹಾಗೇ ಬಿಟ್ಟುಬಿಡಿ."

ಹಿಂದಿನ ಸೀಟಿನಲ್ಲಿದ್ದ ಮಗಳು ಕಿಸಕ್ಕನೆ ನಕ್ಕಳು. ಇಪ್ಪತ್ತು ವರ್ಷ ಗುರ್ರ್ ಅನ್ನುವ ಕಾರನ್ನೇ ಓಡಿಸಿದವನು ನಾನು. ಹಳೇ ಕಾರು ಸ್ಟಾರ್ಟ್ ಆದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇದೋ, 'ರೆಡಿ' ಅಂತ ಒಂದು ಪುಟ್ಟ ಹಸಿರು ಅಕ್ಷರ ತೋರಿಸಿ ಬಾಯಿ ಮುಚ್ಚಿಕೊಂಡು ಕೂತಿತ್ತು. ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟರೂ ಎರಡೂ ಇರುವ ಕಾರು, ಹೀಗೇನೇ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಎಂಜಿನ್ನನ್ನು ಎಬ್ಬಿಸುವುದೇ ಇಲ್ಲ, ಮೋಟರಿನಲ್ಲೇ ಜಾರಿಕೊಂಡು ಹೊರಡುತ್ತದೆ. ಹೀಗೆ ಸದ್ದಿಲ್ಲದೆ ಬಂದರೆ ರಸ್ತೆ ದಾಟುವವರ ಗತಿ ಏನು ಅಂತ ಯೋಚಿಸಿ, ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಹೈಬ್ರಿಡ್ ಕಾರುಗಳೂ ನಿಧಾನಕ್ಕೆ ಹೋಗುವಾಗ ಬೇಕಂತಲೇ ಒಂದು ಶಬ್ದ ಹೊರಡಿಸಬೇಕು ಅಂತ ಕಡ್ಡಾಯ ಮಾಡಿದ್ದಾರೆ. ನೂರು ವರ್ಷ ಕಷ್ಟಪಟ್ಟು ಕಾರಿನ ಸದ್ದಡಗಿಸಿದರು, ಈಗ ಸ್ಪೀಕರ್ ಹಾಕಿ ಕೂಗಿಸುತ್ತಿದ್ದಾರೆ.

ಇಷ್ಟಕ್ಕೂ ನಾನು ಆ ಶೋರೂಮಿಗೆ ಏನೂ ಗೊತ್ತಿಲ್ಲದೆ ಹೋಗಿರಲಿಲ್ಲ. ಮೂರು ವಾರ ರಾತ್ರಿ ಕೂತು ಒಂದು ಎಕ್ಸೆಲ್ ಹಾಳೆ ಮಾಡಿದ್ದೆ. ಸಣ್ಣ ಹೈಬ್ರಿಡ್ ಕಾರುಗಳೆಲ್ಲ ಒಂದು ಕಡೆ, ಅವುಗಳ ಉದ್ದ, ಅಗಲ, ಶಕ್ತಿ, ಡಿಕ್ಕಿಯ ಜಾಗ, ಪೆಟ್ರೋಲ್ ಖರ್ಚು ಇನ್ನೊಂದು ಕಡೆ. 23 ಕಾಲಂ. ಕೆಲವಕ್ಕೆ ಬಣ್ಣ ಕೂಡ ಬಳಿದಿದ್ದೆ. ಹೆಣ್ಣು ನೋಡುವಾಗ ಜಾತಕ ಕೂಡ ಇಷ್ಟು ಕೂಲಂಕಷವಾಗಿ ನೋಡಿರಲಿಲ್ಲ ಅಂತ ಹೆಂಡತಿ ಒಂದೆರಡು ಸಲ ಹೇಳಿದಳು. ನಾನು ಉತ್ತರ ಕೊಡಲಿಲ್ಲ. ಕೊಡುವಂಥ ಉತ್ತರ ಇರಲಿಲ್ಲ.

ಹಾಳೆ ಮುಗಿಸಿದ ದಿನ, ಪೆಟ್ರೋಲ್ ಖರ್ಚಿನ ಕಾಲಂ ಹಿಡಿದು, ದೊಡ್ಡ ಸಂಖ್ಯೆ ಮೇಲೆ ಬರುವಂತೆ ಜೋಡಿಸಿದೆ. ಮೈಲೇಜ್ ಜಾಸ್ತಿ ಇದ್ದದ್ದು ಮೇಲೆ ಬರಬೇಕು ಅಲ್ವಾ? ಮೊದಲನೇ ಸ್ಥಾನಕ್ಕೆ ಬಂದ ಕಾರನ್ನು ಎರಡು ದಿನ ಹೊಗಳಿದೆ. ಭಾವನಿಗೆ ಫೋನ್ ಮಾಡಿ ಹೇಳಿದೆ. ಮೂರನೇ ದಿನ ಮಗಳು ಬಂದು ಕೇಳಿದಳು, "ಅಪ್ಪಾ, ಇದು 100 ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯುತ್ತೆ ಅನ್ನೋ ಲೆಕ್ಕ. ಕಡಿಮೆ ಇದ್ರೆ ಅಲ್ವಾ ಒಳ್ಳೇದು?" ಪಟ್ಟಿಯಲ್ಲೇ ಅತಿ ಹೆಚ್ಚು ಕುಡಿಯುವ ಕಾರಿಗೆ ನಾನು ಹಾರ ಹಾಕಿ ಕೂರಿಸಿದ್ದೆ. ಅದು ಹೈಬ್ರಿಡ್ಡೂ ಅಲ್ಲ. ಹೋಲಿಕೆಗೆ ಇರಲಿ ಅಂತ ಸೇರಿಸಿದ್ದ ಬರೀ ಪೆಟ್ರೋಲ್ ಕಾರು.

ಸರಿ, ಎಲ್ಲವನ್ನೂ ತಿರುಗಿಸಿದೆ. 100 ಕಿ.ಮೀ.ಗೆ 4 ಲೀಟರ್ ಅಂದರೆ ಲೀಟರಿಗೆ 25 ಕಿ.ಮೀ. ಇದು ಸುಲಭ. ಆದರೆ ಒಂದೆರಡು ಕಾರುಗಳ ಲೆಕ್ಕ ನನಗೆ ಸಿಕ್ಕಿದ್ದು ಗ್ಯಾಲನ್ನಿನಲ್ಲಿ. ಗ್ಯಾಲನ್ ಅಂದರೆ ಗ್ಯಾಲನ್, ಅದರಲ್ಲಿ ಏನಿದೆ ಅಂದುಕೊಂಡಿದ್ದೆ. ಬ್ರಿಟಿಷರ ಗ್ಯಾಲನ್ 4.546 ಲೀಟರ್, ಅಮೆರಿಕದವರದ್ದು 3.785 ಅಂತೆ. ಅದೇ 4 ಲೀಟರಿನ ಕಾರು ಬ್ರಿಟನ್ನಿನಲ್ಲಿ ಗ್ಯಾಲನ್ನಿಗೆ 70 ಮೈಲಿ ಓಡುತ್ತದೆ, ಅಮೆರಿಕದಲ್ಲಿ 59ಕ್ಕೇ ಸುಸ್ತಾಗುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಒಂದು ಒಳ್ಳೆಯ ಕಾರನ್ನು ನಾನು 'ಸೋಮಾರಿ' ಅಂತ ಕೆಂಪು ಬಣ್ಣ ಬಳಿದು ಪಟ್ಟಿಯಿಂದ ಹೊರಗೆ ಹಾಕಿಯಾಗಿತ್ತು.

ಅಪ್ಪನದ್ದು ಬೇರೆಯೇ ಚಿಂತೆ. ಹೈಬ್ರಿಡ್ ಅಂದರೆ ಕರೆಂಟಿನ ಕಾರು ಅಂತ ಅವರು ತೀರ್ಮಾನಿಸಿಬಿಟ್ಟಿದ್ದರು. ಎರಡನೇ ಸಲ ಕಾರು ನೋಡಲು ಹೊರಟಾಗ ಒಂದು ಚೀಲ ಹಿಡಿದುಕೊಂಡು ಬಂದರು. ಒಳಗೆ ಹತ್ತು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ವೈರು.

"ಅಪ್ಪಾ, ಇದಕ್ಕೆ ಪ್ಲಗ್ ಇರಲ್ಲ."

"ಪ್ಲಗ್ ಇಲ್ಲದೆ ಬ್ಯಾಟರಿ ಹೆಂಗೋ ತುಂಬುತ್ತೆ?"

"ಬ್ರೇಕ್ ಹಾಕಿದಾಗ ತುಂಬುತ್ತೆ. ಎಂಜಿನ್ನೂ ತುಂಬಿಸುತ್ತೆ."

ಅಪ್ಪ ನನ್ನನ್ನು ಒಂದು ಥರ ನೋಡಿದರು. ಆಮೇಲೆ ಕಾರಿಗೆ ಎರಡು ಸುತ್ತು ಬಂದು, ಬಗ್ಗಿ ಬಂಪರ್ ಕೆಳಗೆಲ್ಲ ಹುಡುಕಿದರು. ಪೆಟ್ರೋಲ್ ಮುಚ್ಚಳ ತೆಗೆಸಿ ನೋಡಿದರು. ಕೊನೆಗೆ ಮೋಸ ಹೋದವರ ಥರ ಚೀಲ ಮಡಚಿಟ್ಟುಕೊಂಡರು. ಪ್ಲಗ್ ಚುಚ್ಚುವ ಹೈಬ್ರಿಡ್‌ಗಳು ಬೇರೆ ಇವೆ ಅಂತ ಆಗ ಹೇಳಿದ್ದರೆ ನನಗೇ ಬೈಗುಳ. ಹೇಳಲಿಲ್ಲ. ಇನ್ನು 'ಮೈಲ್ಡ್ ಹೈಬ್ರಿಡ್' ಅಂತ ಒಂದು ಜಾತಿ ಇದೆ. ಅದರ ಪುಟ್ಟ ಮೋಟರ್ ಎಂಜಿನ್ನಿಗೆ ಹಿಂದಿನಿಂದ ಒಂದು ತಳ್ಳು ಕೊಡುತ್ತದೆ ಅಷ್ಟೆ. ಸಾಮಾನ್ಯವಾಗಿ ತಾನೊಂದೇ ಕಾರು ಎಳೆಯುವಷ್ಟು ತಾಕತ್ತು ಅದಕ್ಕಿಲ್ಲ. ಮದುವೆ ಮನೆಯಲ್ಲಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಓಡಾಡುವ ದೂರದ ಸಂಬಂಧಿಕನ ಹಾಗೆ. ಅವನ್ನೆಲ್ಲ ಪಟ್ಟಿಯಿಂದ ತೆಗೆದೆ.

ಉಳಿದದ್ದು ಮೂರು. ಟೊಯೋಟ ಯಾರಿಸ್, ಹೋಂಡಾ ಜಾಝ್, ರೆನೋ ಕ್ಲಿಯೊ. ಮೂರೂ 2020ರ ಸುಮಾರಿಗೆ ಹೊಸ ಅವತಾರ ಎತ್ತಿದ ಹೈಬ್ರಿಡ್‌ಗಳು. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗಿವೆ. ಬಾನೆಟ್ ಕೆಳಗೆ ಮಾತ್ರ ಮೂರೂ ಮೂರು ಮನೆತನ.

ಯಾರಿಸ್‌ನದ್ದು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಸಂಸಾರ. ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ಗ್ರಹಗಳ ಹಾಗೆ ತಿರುಗುವ ಪುಟ್ಟ ಚಕ್ರಗಳು. ಎಂಜಿನ್ನೂ ಮೋಟರ್‌ಗಳೂ ಅದರಲ್ಲೇ ಕೂಡಿಕೊಂಡು, ಯಾರು ಎಷ್ಟು ಎಳೆಯಬೇಕು ಅಂತ ಕ್ಷಣಕ್ಷಣಕ್ಕೂ ಹಂಚಿಕೊಳ್ಳುತ್ತವೆ. 1997ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ರಿಯಸ್‌ನಿಂದಲೂ ಇದೇ ಉಪಾಯ. ಜಾಝ್‌ನಲ್ಲಿ ಒಬ್ಬ ಬಾವಿಯಿಂದ ನೀರು ಸೇದುತ್ತಾನೆ, ಇನ್ನೊಬ್ಬ ತೋಟಕ್ಕೆ ಹಾಯಿಸುತ್ತಾನೆ. ಎಂಜಿನ್ ಬಹಳ ಹೊತ್ತು ಕರೆಂಟ್ ಮಾಡುವುದಷ್ಟೇ, ಚಕ್ರ ತಿರುಗಿಸುವುದು ಮೋಟರ್. ಹೆದ್ದಾರಿ ವೇಗಕ್ಕೆ ಬಂದಾಗ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ನೇರ ಚಕ್ರಕ್ಕೆ ಜೋಡಿಸುತ್ತದೆ. ಕ್ಲಿಯೊದಲ್ಲಿ ನಿಜವಾದ ಗೇರುಗಳೇ ಇವೆ, ಆದರೆ ನಾವು ತುಳಿಯುವಂಥ ಕ್ಲಚ್ ಇಲ್ಲ. ಗೇರುಗಳನ್ನು ಹಲ್ಲಿಗೆ ಹಲ್ಲು ಕೂರಿಸುವ ಆ ಜೋಡಣೆಗೆ 'ಡಾಗ್ ಕ್ಲಚ್' ಅನ್ನುತ್ತಾರೆ.

ಇದನ್ನು ಮನೆಯಲ್ಲಿ ವಿವರಿಸುತ್ತಿದ್ದಾಗ ಅಪ್ಪ ಪೇಪರ್ ಕೆಳಗಿಳಿಸಿದರು. "ನಾಯಿ ಎಲ್ಲಿಂದ ಬಂತೋ ಮಧ್ಯದಲ್ಲಿ?" ಅಂದರು. ಅಲ್ಲಿಗೆ ನನ್ನ ತಾಂತ್ರಿಕ ಉಪನ್ಯಾಸ ಮುಗಿಯಿತು.

2020ರ ಆ ಅವತಾರಗಳ ಶಕ್ತಿ ನೋಡಿದರೆ ಕ್ಲಿಯೊ 140 ಅಶ್ವಶಕ್ತಿ, ಯಾರಿಸ್ 116, ಜಾಝ್ 109. ಹಾಳೆಯಲ್ಲಿ ಕ್ಲಿಯೊಗೆ ಹಸಿರು ಬಣ್ಣ ಹಚ್ಚಿದೆ. ಆ 140 ಕುದುರೆಗಳನ್ನು ಕಟ್ಟಿಕೊಂಡು ನಾನು ಹೋಗುವುದಾದರೂ ಎಲ್ಲಿಗೆ? ಮಗಳನ್ನು ಶಾಲೆಗೆ ಬಿಡಲಿಕ್ಕೆ.

ಆಮೇಲೆ ಆ ಹಿಮ್ಮುಖ ಪ್ರಸಂಗ. ಯಾವ ಕಾರಿನಲ್ಲಿ, ಯಾವ ಶೋರೂಮಿನಲ್ಲಿ ಅಂತ ಹೇಳಲ್ಲ, ತಪ್ಪು ಪೂರ್ತಿ ನನ್ನದು. ಓಡಿಸಿ ನೋಡಿ ವಾಪಸ್ ಬಂದು, ಮೂತಿ ಬೇಲಿ ಕಡೆ ಇರುವಂತೆ ನಿಲ್ಲಿಸಿದ್ದೆ. ಹುಡುಗ "ಸ್ವಲ್ಪ ಹಿಂದೆ ತಗೊಳ್ಳಿ ಸರ್" ಅಂದ. ಗೇರ್ ಕಡ್ಡಿ ನೋಡಿದೆ. ಎಲ್ಲಕ್ಕಿಂತ ಕೆಳಗೆ 'ಬಿ' ಅಂತ ಇತ್ತು. ಬಿ ಅಂದರೆ ಬ್ಯಾಕ್. ಎಷ್ಟು ಅನುಕೂಲ ಮಾಡಿದ್ದಾರೆ ಅಂತ ಮೆಚ್ಚಿಕೊಂಡು ಅದಕ್ಕೆ ಎಳೆದೆ. ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ, ಸೀಟಿನ ಮೇಲೆ ಕೈ ಹಾಕಿ, ಅನುಭವಸ್ಥನ ಹಾಗೆ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಗೋಡೆ ಹತ್ತಿರ ಬರುವ ಬದಲು ದೂರ ಹೋಗತೊಡಗಿತು. ಇದೇನಪ್ಪಾ ವಿಚಿತ್ರ ಅಂದುಕೊಳ್ಳುವಷ್ಟರಲ್ಲಿ ಎದುರುಗಡೆ ಸರಸರ ಅಂತ ಶಬ್ದ.

ತಿರುಗಿ ನೋಡಿದರೆ ಗಾಜಿನ ತುಂಬ ಎಲೆ. ಬೇಲಿ ಗಿಡದೊಳಗೆ ಕಾರಿನ ಮೂತಿ ಮುಳುಗಿತ್ತು. ಒಂದು ರೆಂಬೆ ವೈಪರಿಗೆ ಸಿಕ್ಕಿಕೊಂಡು ಟಾಟಾ ಮಾಡುತ್ತಿತ್ತು.

"ಸರ್, ಬಿ ಅಂದ್ರೆ ಬ್ಯಾಕ್ ಅಲ್ಲ. ಬ್ರೇಕ್. ಇಳಿಜಾರಿನಲ್ಲಿ ಕಾಲು ತೆಗೆದಾಗ ಕಾರು ಹಿಡಿದ ಹಾಗಾಗುತ್ತೆ, ಅದಕ್ಕೆ ಇರೋದು."

"ಬ್ರೇಕ್ ಆದ್ರೆ ನಿಲ್ಲಬೇಕಲ್ವಾ? ಮುಂದೆ ಯಾಕೆ ಹೋಯ್ತು?"

ಹುಡುಗ ಇಳಿದು ಹೋಗಿ ರೆಂಬೆ ಬಿಡಿಸಿದ. ಪುಣ್ಯಕ್ಕೆ ಕಾರಿಗೆ ಗೀರು ಬಿದ್ದಿರಲಿಲ್ಲ. ಗೀರು ಬಿದ್ದದ್ದು ನನ್ನ ಮರ್ಯಾದೆಗೆ. ಮೇಲಿನ ಸಾಲಿನಲ್ಲಿ 'ಆರ್' ಅಂತ ಕಣ್ಣು ಕುಕ್ಕುವ ಹಾಗೆ ಬರೆದಿತ್ತು. ನಾನು ನೋಡಿರಲಿಲ್ಲ.

ಇಷ್ಟರ ನಡುವೆ ಭಾವ ಬಂದು ಹೆದರಿಸಿ ಹೋದ. ಅವನ ಹತ್ತಿರ ಒಂದು ಹಳೇ ಹೈಬ್ರಿಡ್ ಇದೆ. "ದೊಡ್ಡ ಬ್ಯಾಟರಿ ಬಗ್ಗೆ ತಲೆ ಕೆಡಿಸ್ಕೋಬೇಡ. ಚಿಕ್ಕದು ನೋಡ್ಕೋ" ಅಂದ. ಹೈಬ್ರಿಡ್‌ನಲ್ಲಿ ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿ ಒಂದು, ದೀಪ, ಬೀಗ, ಕಂಪ್ಯೂಟರ್ ನೋಡಿಕೊಳ್ಳುವ 12 ವೋಲ್ಟಿನ ಬಡಪಾಯಿ ಬ್ಯಾಟರಿ ಇನ್ನೊಂದು. ಆ ಬಡಪಾಯಿ ಸತ್ತರೆ ದೊಡ್ಡಣ್ಣ ಎಷ್ಟೇ ತುಂಬಿಕೊಂಡಿದ್ದರೂ ಕಾರು ಏಳುವುದಿಲ್ಲ. ಬಾಗಿಲು ತೆಗೆಯುವ ಕಾವಲುಗಾರನೇ ಮಲಗಿದರೆ ಯಜಮಾನ ಒಳಗಿದ್ದು ಏನು ಪ್ರಯೋಜನ? ಭಾವ ಒಮ್ಮೆ ಡಿಕ್ಕಿಯ ಲೈಟ್ ಹಾಗೇ ಬಿಟ್ಟು ಊರಿಗೆ ಹೋಗಿದ್ದಾನೆ. ಬಂದು ನೋಡಿದರೆ ಕಾರು ಕಲ್ಲು. ಚಿಕ್ಕ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆಗೆಯಬೇಕಾದರೆ ಆ ಬ್ಯಾಟರಿಯೇ ಬೇಕು. ಹಾಗಾದರೆ ಏನು ಮಾಡಬೇಕು ಅಂತ ಕಾರಿನ ಪುಸ್ತಕದಲ್ಲಿ ಚೆನ್ನಾಗಿ ಬರೆದಿದ್ದಾರೆ. ಪುಸ್ತಕ ಭದ್ರವಾಗಿರಲಿ ಅಂತ ಭಾವ ಅದನ್ನು ಇಟ್ಟಿದ್ದದ್ದೂ ಡಿಕ್ಕಿಯಲ್ಲೇ. ಕೊನೆಗೆ ಕೀಲಿಯೊಳಗಿನ ಪುಟ್ಟ ಲೋಹದ ಕೀಲಿಯಿಂದ ಮುಂದಿನ ಬಾಗಿಲು ತೆಗೆದು, ಹಿಂದಿನ ಸೀಟಿನ ಮೇಲೆ ಹಲ್ಲಿಯ ಹಾಗೆ ಹರಿದು ಡಿಕ್ಕಿಗೆ ಇಳಿದನಂತೆ. ಅವನ ಹೊಟ್ಟೆ ನೋಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ.

1900ರಲ್ಲೇ ಫರ್ಡಿನಾಂಡ್ ಪೋರ್ಷೆ ಒಂದು ಹೈಬ್ರಿಡ್ ಗಾಡಿ ಕಟ್ಟಿದ್ದ. ಪೆಟ್ರೋಲ್ ಎಂಜಿನ್‌ಗಳು ಕರೆಂಟ್ ಮಾಡುವುದು, ಚಕ್ರದೊಳಗಿನ ಮೋಟರ್‌ಗಳು ಗಾಡಿ ಎಳೆಯುವುದು. ಅದಕ್ಕಿಟ್ಟ ಲ್ಯಾಟಿನ್ ಹೆಸರಿನ ಅರ್ಥ 'ಸದಾ ಜೀವಂತ'. ಭಾವನಿಗೆ ಹೇಳಿದೆ. ಅವನು ನಗಲಿಲ್ಲ.

ಕೊನೆಗೆ ಕಾರು ಆರಿಸಿದ್ದು ನನ್ನ ಹಾಳೆ ಅಲ್ಲ, ಹೆಂಡತಿಯ ಹೂವಿನ ಕುಂಡ. ಆರನೇ ಸಲವೋ ಏಳನೇ ಸಲವೋ ಶೋರೂಮಿಗೆ ಹೊರಟಾಗ ಅವಳು ಸೊಂಟದೆತ್ತರದ ಗಿಡವೊಂದನ್ನು ಕುಂಡದ ಸಮೇತ ಹಳೇ ಕಾರಿನಲ್ಲಿ ಓರೆಯಾಗಿ ಮಲಗಿಸಿಕೊಂಡು ಬಂದಳು. "ಇದು ನೆಟ್ಟಗೆ ನಿಲ್ಲೋ ಕಾರು ಬೇಕು" ಅಂದಳು. ಇಂಥದೊಂದು ಕಾಲಂ ನನ್ನ ಹಾಳೆಯಲ್ಲಿ ಇರಲಿಲ್ಲ.

ಯಾರಿಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2,560 ಮಿ.ಮೀ., ಜಾಝ್‌ನದ್ದು 2,517. ಹಾಳೆ ಪ್ರಕಾರ ಯಾರಿಸ್‌ನ ಹಿಂದಿನ ಸೀಟೇ ವಿಶಾಲ ಇರಬೇಕು. ಅಪ್ಪನ ಮೊಣಕಾಲಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಜಾಝ್‌ನಲ್ಲಿ ಕಾಲು ಚಾಚಿ ಕೂತರು. ಅದರಲ್ಲಿ ಪೆಟ್ರೋಲ್ ಟ್ಯಾಂಕು ಮುಂದಿನ ಸೀಟುಗಳ ಅಡಿಯಲ್ಲಿದೆ, ಹಾಗಾಗಿ ಹಿಂದುಗಡೆ ಜಾಗ ಬಿಡುವಾಗಿದೆ. ಅಷ್ಟೇ ಅಲ್ಲ, ಹಿಂದಿನ ಸೀಟಿನ ಕೂರುವ ಭಾಗವನ್ನು ಸಿನಿಮಾ ಟಾಕೀಸಿನ ಕುರ್ಚಿಯ ಹಾಗೆ ಮೇಲಕ್ಕೆ ಮಡಚಬಹುದು. ಮಡಚಿದರೆ ನೆಲದಿಂದ ಚಾವಣಿವರೆಗೆ ಖಾಲಿ. ಹೆಂಡತಿ ಕುಂಡ ಎತ್ತಿ ಇಟ್ಟಳು. ಗಿಡ ನೆಟ್ಟಗೆ ನಿಂತಿತು. ಒಂದು ಎಲೆಯೂ ಬಾಗಲಿಲ್ಲ. ಅವಳು ಶೋರೂಮಿನ ಹುಡುಗನ ಕಡೆ ತಿರುಗಿ "ಯಾವ ಬಣ್ಣ ಇದೆ?" ಅಂದಳು. ನನ್ನನ್ನು ಕೇಳಲಿಲ್ಲ.

ನಾನು ಬಿಡಲಿಲ್ಲ. ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವ ಕಾರು 100 ಕಿ.ಮೀ.ಗೆ 0.2 ಲೀಟರ್ ಕಡಿಮೆ ಕುಡಿಯುತ್ತೆ ಅಂತ ವಾದ ಹೂಡಿದೆ. ಅದನ್ನು ಖಚಿತ ಮಾಡಿಕೊಳ್ಳಲು ಇನ್ನೂ ಎರಡು ಸಲ ಎರಡೂ ಕಾರು ಓಡಿಸಿ ನೋಡಿದೆ. ಹೆಂಡತಿ ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ಹುಷಾರಾಗಿರಬೇಕು ಅಂತ ನನಗೆ ಗೊತ್ತಿರಬೇಕಿತ್ತು.

ಜಾಝ್ ಮನೆಗೆ ಬಂದ ವಾರಕ್ಕೆ, ನೆನಪಿಗೆ ಇರಲಿ ಅಂತ ಆ ಹಾಳೆ ತೆರೆದೆ. ಕೆಳಗೆ ಎರಡು ಹೊಸ ಸಾಲು ಸೇರಿದ್ದವು. ನಾನು ಬರೆದದ್ದಲ್ಲ.

"0.2 ಲೀಟರ್ ವ್ಯತ್ಯಾಸ, ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ: 20 ಲೀಟರ್."

"ಹಳೇ ಕಾರಿನಲ್ಲಿ ಶೋರೂಮ್ ಸುತ್ತಿದ್ದು 9 ಸಲ, ಸಲಕ್ಕೆ 30 ಕಿ.ಮೀ., 100ಕ್ಕೆ 8 ಲೀಟರ್ ಹಾಗೆ: 21.6 ಲೀಟರ್."

ಎರಡನೇ ಸಾಲಿಗೆ ಕೆಂಪು ಬಣ್ಣ ಬಳಿದಿದ್ದಳು. ಮಗಳ ಕಣ್ಣಿಗೆ ಬೀಳುವ ಮೊದಲು ಅಳಿಸೋಣ ಅಂತ ಹೋದೆ. ಪಾಸ್‌ವರ್ಡ್ ಕೇಳಿತು. ನಾನು ಪಾಸ್‌ವರ್ಡ್ ಇಟ್ಟಿರಲಿಲ್ಲ. ಇಡುವುದು ಹೇಗೆ ಅಂತ ಅವಳಿಗೆ ಕಲಿಸಿಕೊಟ್ಟಿದ್ದು ಮಗಳೇ ಅಂತೆ.